ಮೂವತ್ತೈದು ವರ್ಷ ಚಿತ್ರ ಬರೆದೆ, ನನ್ನ ಕೈ ಯಾವುದು ಅಂತ ಇನ್ನೂ ಗೊತ್ತಿಲ್ಲ. ಸ್ವಂತ ಶೈಲಿ ಹುಡುಕೋದಾ, ಕಾಯೋದಾ?

ಹಳೇಕುಂಚ

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಓದೋದೇ ಹೆಚ್ಚು, ಬರೆಯೋದು ಅಪರೂಪ. ಆದರೆ ಒಂದು ತಿಂಗಳಿಂದ ಒಂದು ಮಾತು ಮನಸ್ಸನ್ನ ಕೊರೀತಿದೆ. ನಿಮ್ಮ ಮುಂದೆ ಇಡ್ತೀನಿ.

ನನಗೀಗ 58. ಚಿತ್ರ ಬರೆಯೋಕೆ ಶುರು ಮಾಡಿದ್ದು 23ಕ್ಕೆ. ಹೊಟ್ಟೆಪಾಡಿಗೆ ಬೇರೆ ನೌಕರಿ ಇತ್ತು. ಆದರೂ ಬೆಳಿಗ್ಗೆ ಐದರಿಂದ ಏಳೂವರೆವರೆಗಿನ ಹೊತ್ತನ್ನ ಯಾರಿಗೂ ಬಿಟ್ಟುಕೊಟ್ಟವನಲ್ಲ. ಕಳೆದ ತಿಂಗಳು ಮೊದಲ ಸಲ ಹಳೇದು ಹೊಸದು ಸೇರಿಸಿ 41 ಚಿತ್ರ ಒಂದೇ ಕಡೆ ತೂಗುಹಾಕಿದ್ದೆ. ಒಬ್ಬರು ಹೆಂಗಸು ಬಂದರು. ಅವಸರ ಇಲ್ಲದೆ ಎರಡು ಸುತ್ತು ನೋಡಿದರು, ಕೆಲವು ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಹತ್ತಿರ ಬಂದು, "ತುಂಬ ಚೆನ್ನಾಗಿವೆ. ಒಟ್ಟು ಎಷ್ಟು ಜನ ಬರೆದಿರೋದು?" ಅಂತ ಕೇಳಿದರು.

ಆ ಮಾತಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳೋಕೆ ಕೇಳಿದ್ದು. ಅದಕ್ಕೇ ನೋವು ಜಾಸ್ತಿ ಆಯ್ತು.

ಎಲ್ಲರೂ ಹೋದಮೇಲೆ ನಾನೂ ಕೂತು ನೋಡಿದೆ. ಮೊದಲ ಎಂಟು-ಹತ್ತು ವರ್ಷ ಕೂದಲೆಳೆ ಸಮೇತ ಬರೆದ ಭಾವಚಿತ್ರಗಳು. ಆಮೇಲೆ ಫ್ರಾನ್ಸಿನ ಚಿತ್ರಕಾರ ಕ್ಲಾದ್ ಮೊನೆಯ ಹುಚ್ಚು ಹಿಡಿದು ನೀರು, ಬೆಳಕು, ದಪ್ಪ ಬಣ್ಣ. ಅದಾದಮೇಲೆ ಅಲ್ಲಿಯವರೇ ಆದ ಸೆಜಾನ್, ಗುಡ್ಡ ಮನೆ ಎಲ್ಲ ಬಣ್ಣದ ತುಂಡುಗಳಾದವು. ನಡುವೆ ಆರು ವರ್ಷ ಅಮೂರ್ತ, ಅಂದರೆ ಇಂಥದ್ದು ಅಂತ ಗುರುತಾಗದ ಆಕಾರಗಳು. ಈಗೀಗ ಬರೀ ಗೆರೆ. ಯಾರನ್ನ ಮೆಚ್ಚಿಕೊಂಡೆನೋ ಅವರ ಕೈಯಾಗಿಬಿಟ್ಟಿದ್ದೀನಿ.

ಕೇಳಬೇಕಾಗಿರೋದು ಇಷ್ಟೇ. ಸ್ವಂತ ಶೈಲಿ ಅನ್ನೋದನ್ನ ಹಟ ಹಿಡಿದು ಹುಡುಕಬೇಕಾ, ಕೆಲಸ ಮಾಡ್ತಾ ಹೋದರೆ ಅದೇ ಬರುತ್ತಾ? ಬರದೇ ಹೋಗೋದೂ ಇದೆಯಾ?

ವಾಶ್‌ಪ್ರೇಮಿ

ಸರ್, ಕೈಬರಹ ಯಾರಾದರೂ ಹುಡುಕ್ತಾರಾ? ಬರೀತಾ ಬರೀತಾ ತಾನೇ ಆಗುತ್ತೆ. ಶೈಲಿನೂ ಹಾಗೇ. ಚಿಂತೆ ಬಿಡಿ, ಬರೀತಾ ಇರಿ.

ಇದ್ದಿಲುಗೆರೆ

ಈ ಕೈಬರಹದ ಮಾತು ನಾನೂ ಎಷ್ಟೋ ಸಲ ಕೇಳಿದ್ದೀನಿ, ಒಪ್ಪಲ್ಲ. ಕೈಬರಹ ತಾನಾಗಿ ಬರುತ್ತೆ ನಿಜ. ಆದರೆ ಸಹಿ? ಹೈಸ್ಕೂಲಲ್ಲಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ನೂರು ಸಲ ಗೀಚಿ ಗೀಚಿ ನಾವೇ ಮಾಡಿಕೊಂಡಿದ್ದಲ್ವಾ? ಶೈಲಿ ಕೈಬರಹನಾ, ಸಹಿನಾ? ಮೊದಲು ಅದು ಹೇಳಿ. ಅವರು 35 ವರ್ಷ ಬರೀತಾನೇ ಇದ್ದಾರೆ, 'ಬರೀತಾ ಇರಿ' ಅಂದರೆ ಉತ್ತರ ಆಗಲ್ಲ.

ನೀಲಿನೆರಳು

58 ಅಂದಿದ್ದು ಓದಿ ಥಟ್ಟನೆ ಚಿತ್ರಕಾರ ಎಸ್.ಎಚ್. ರಜಾ ನೆನಪಾದರು. ಹುಟ್ಟಿದ್ದು 1922. 1950ರಲ್ಲಿ ಫ್ರಾನ್ಸಿಗೆ ಹೋದರು, ಅಲ್ಲಿ ವರ್ಷಗಟ್ಟಲೆ ಊರು, ಚರ್ಚು, ಭೂದೃಶ್ಯ ಬರೆದರು, ಆಮೇಲೆ ಬಣ್ಣ ಎರಚಿದ ಹಾಗಿರೋ ಬಿರುಸಿನ ಚಿತ್ರಗಳು. ಹೆಸರೂ ಬಂದಿತ್ತು. ಆದರೂ ಸಮಾಧಾನ ಇರಲಿಲ್ಲ. ನಾವೆಲ್ಲ ರಜಾ ಅಂದಕೂಡಲೇ ಕಣ್ಮುಂದೆ ತಂದುಕೊಳ್ಳೋ ಆ ಕಪ್ಪು ಬಿಂದು ಅವರ ಕೆಲಸದ ಕೇಂದ್ರಕ್ಕೆ ಬಂದದ್ದು 1980ರ ಸುಮಾರಿಗೆ. ಲೆಕ್ಕ ಹಾಕಿ, ಆಗ ಅವರಿಗೂ ನಿಮ್ಮದೇ ವಯಸ್ಸು. ಅದೂ ಹೊಸದಾಗಿ ಹುಟ್ಟಿದ್ದಲ್ಲ. ಹುಡುಗನಾಗಿದ್ದಾಗ ಮನಸ್ಸು ನಿಲ್ಲಲ್ಲ ಅಂತ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು ಅದನ್ನೇ ನೋಡು ಅಂದಿದ್ದರಂತೆ. ಆ ಚುಕ್ಕೆ ಕ್ಯಾನ್ವಾಸಿಗೆ ಬರೋಕೆ ಸುಮಾರು ಐವತ್ತು ವರ್ಷ ಹಿಡಿಯಿತು.

ಅದಾದಮೇಲೆ ಮೂರೂವರೆ ದಶಕ ಬದುಕಿದ್ದರು, 2016ರವರೆಗೆ. ನಿಮಗೆ ಕಾಲ ಇದೆ ಸರ್.

ಖಾಲಿಕ್ಯಾನ್ವಾಸ್

ಅಮೆರಿಕದ ಚಿತ್ರಕಾರ ರಾಥ್ಕೊ ಕೂಡ! ತೇಲೋ ಬಣ್ಣದ ಆಯತಗಳಿಗೆ ಬಂದಾಗ 46ರ ಆಸುಪಾಸು. ಹುಟ್ಟಿದ್ದು 1903, ಆ ಚಿತ್ರಗಳು ಒಂದು ರೂಪಕ್ಕೆ ಬಂದದ್ದು 1949-50ರಲ್ಲಿ. ಅದಕ್ಕೂ ಮುಂಚೆ ಸುರಂಗ ರೈಲು ನಿಲ್ದಾಣದ ಜನರನ್ನ ಬರೀತಿದ್ದರು. ಅದನ್ನ ನೋಡಿದರೆ ಅದೇ ಮನುಷ್ಯ ಅಂತ ನಂಬೋಕೇ ಆಗಲ್ಲ.

ಇದ್ದಿಲುಗೆರೆ

ಇಂಥ ಉದಾಹರಣೆಗಳಿಂದ ಧೈರ್ಯ ಬರುತ್ತೆ, ಆದರೆ ದಾರಿ ಕಾಣಲ್ಲ. ತಡವಾಗಿ ಸಿಕ್ಕವರ ಹೆಸರು ನಮಗೆ ಗೊತ್ತು, ಯಾಕೆಂದರೆ ಅವರಿಗೆ ಸಿಕ್ಕಿತು. ಸಿಗದೇ ಹೋದವರ ಹೆಸರು ಯಾರಿಗೆ ಗೊತ್ತು? ಹಳೇಕುಂಚ ಅವರು ಕೇಳಿರೋದು 'ಬರದೇ ಹೋಗೋದೂ ಇದೆಯಾ' ಅಂತ. ಇದೆ. ಅದನ್ನ ಮುಚ್ಚಿಟ್ಟು ಮಾತಾಡೋದು ಅವರಿಗೆ ಮಾಡೋ ಅನ್ಯಾಯ.

ನೀಲಿನೆರಳು

ಯಾರೂ ಮುಚ್ಚಿಡ್ತಿಲ್ಲ. ಆದರೆ 'ನಿನಗೆ ಬರದೇ ಹೋಗಬಹುದು' ಅಂತ ಹೇಳಿ ಏನು ಸಾಧಿಸ್ತೀರಿ? ನಾಳೆ ಬೆಳಿಗ್ಗೆ ಐದಕ್ಕೆ ಅವರು ಎದ್ದು ಕೂರೋದು ಬೇಡವಾ?

ಇದ್ದಿಲುಗೆರೆ

ಕೂರ್ತಾರೆ. 35 ವರ್ಷ ಕೂತವರು ನನ್ನ ಒಂದು ಮಾತಿಗೆ ಏಳಲ್ಲ.

ಹಳೇಕುಂಚ

ಕೂತಿದ್ದೆ, ಇವತ್ತೂ :) ಇಬ್ಬರೂ ಹೇಳಿ, ಎರಡೂ ಬೇಕು ನನಗೆ.

ಗ್ಯಾಲರಿಬಾಗಿಲು

ನಾನು ಚಿತ್ರ ಬರೆಯಲ್ಲ, ಗ್ಯಾಲರಿಯೊಂದರಲ್ಲಿ 19 ವರ್ಷ ಕೆಲಸ ಮಾಡಿದ್ದೀನಿ. ಬೇರೆ ಕಡೆಯಿಂದ ಒಂದು ಮಾತು.

'ನೋಡಿದ ತಕ್ಷಣ ಇಂಥವರದ್ದು ಅಂತ ಗೊತ್ತಾಗಬೇಕು', ಇದು ಮೊದಲು ಮಾರಾಟದ ಬೇಡಿಕೆ. ಕಲೆಯ ಬೇಡಿಕೆಯೂ ಅದೇನಾ ಅನ್ನೋದು ನನಗೆ ಯಾವತ್ತೂ ಸ್ಪಷ್ಟವಾಗಿಲ್ಲ. ನಮ್ಮಲ್ಲಿಗೆ ಒಬ್ಬ ಹುಡುಗ ಬರ್ತಿದ್ದ. ಒಳ್ಳೇ ಕಣ್ಣು, ಒಳ್ಳೇ ಕೈ. ಒಂದು ವರ್ಷ ಅವನು ಬಾಗಿಲುಗಳನ್ನ ಬರೆದ. ಹಳೇ ಬಾಗಿಲು, ಅರ್ಧ ತೆರೆದದ್ದು, ಒಳಗೆ ಕತ್ತಲು. ನಿಜಕ್ಕೂ ಎದೆಗೆ ತಾಕೋ ಚಿತ್ರಗಳು. ಎಲ್ಲವೂ ಮಾರಾಟವಾದವು. ಮುಂದಿನ ವರ್ಷ ಜನ ಬಾಗಿಲು ಕೇಳಿದರು, ಬರೆದ. ಅದರ ಮುಂದಿನ ವರ್ಷವೂ ಕೇಳಿದರು. ನಾನು ಕೆಲಸ ಬಿಡೋ ಹೊತ್ತಿಗೆ ಅವನಿಗೆ ನಲವತ್ತು ದಾಟಿತ್ತು, ಇನ್ನೂ ಬಾಗಿಲು ಬರೀತಿದ್ದ, ಒಳಗಿನ ಕತ್ತಲು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಬರೀ ಕಪ್ಪು ಬಣ್ಣ. ಅವನ ಕೈ ಯಾರಿಗೂ ಗುರುತು ಸಿಗುತ್ತೆ. ಒಂದು ಸಲ ನನ್ನ ಮುಂದೆ ಕೂತು, "ಬೇರೆ ಏನಾದರೂ ಬರೆಯೋಕೆ ಕೂತರೆ ಕೈ ನಡುಗುತ್ತೆ ಅಕ್ಕ" ಅಂದಿದ್ದ.

ಅವನಿಗೆ ಬಾಗಿಲು ತಗೊಂಡು ಬಾ ಅಂತ ಫೋನ್ ಮಾಡ್ತಿದ್ದವಳು ನಾನೇ. ಆ ಪಾಲು ನನ್ನದೂ ಇದೆ.

ಆದ್ದರಿಂದ ಸರ್, ಆ ಹೆಂಗಸಿನ ಪ್ರಶ್ನೆಯನ್ನ ತೀರ್ಪು ಅಂತ ತಗೋಬೇಡಿ.

ಖಾಲಿಕ್ಯಾನ್ವಾಸ್

ಇದನ್ನ ಓದಿ ಸುಮ್ಮನೆ ಕೂತುಬಿಟ್ಟೆ ಅಕ್ಕ. ನಂಗೀಗ 24. ಎಲ್ಲರೂ 'ಒಂದು ಸ್ಟೈಲ್ ಹಿಡ್ಕೋ, ಅದನ್ನೇ ಪೋಸ್ಟ್ ಮಾಡ್ತಾ ಇರು, ಇಲ್ಲಾಂದ್ರೆ ಯಾರೂ ಗುರುತಿಸಲ್ಲ' ಅಂತಾರೆ.

ವಾಶ್‌ಪ್ರೇಮಿ

24ಕ್ಕೆ ಹಿಡ್ಕೊಂಡಿದ್ದನ್ನ 34ಕ್ಕೆ ಬಿಡೋಕೆ ಬಹಳ ಕಷ್ಟ ಆಗುತ್ತೆ ಮಗಾ. ಈಗ ಎಲ್ಲ ಮುಟ್ಟಿ ನೋಡು.

ಇದ್ದಿಲುಗೆರೆ

ಅಮೃತಾ ಶೇರ್‌ಗಿಲ್ ತೀರಿಕೊಂಡಾಗ 28, 1941ರಲ್ಲಿ. ಪ್ಯಾರಿಸ್ಸಿನಲ್ಲಿ ಕಲಿತು ಭಾರತಕ್ಕೆ ಮರಳಿದ್ದು 1934ರ ಕೊನೆಗೆ. ಅಲ್ಲಿಂದ ಏಳೇ ವರ್ಷ. ಅಷ್ಟರಲ್ಲಿ ಅಜಂತಾ ನೋಡಿ, ದಕ್ಷಿಣ ಸುತ್ತಿ, ಯಾರ ಜೊತೆಯೂ ಬೆರೆಸಿ ನೋಡೋಕಾಗದಂಥ ಚಿತ್ರಗಳನ್ನ ಬರೆದಿಟ್ಟು ಹೋದರು. 24ಕ್ಕೆ ಹಿಡಿದರೆ ತಪ್ಪು ಅನ್ನೋ ನಿಯಮವೇನೂ ಇಲ್ಲ. ವಯಸ್ಸಿನ ಲೆಕ್ಕದಿಂದ ಎರಡೂ ಕಡೆ ಏನೂ ಸಾಬೀತಾಗಲ್ಲ.

ಹರಳುಬಣ್ಣ

ಗಸ್ಟನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಗ್ಯಾಲರಿ ಅಕ್ಕನ ಮಾತಿಗೆ ಸರಿಯಾಗಿ ಎದುರು ನಿಲ್ಲೋ ಮನುಷ್ಯ. ಫಿಲಿಪ್ ಗಸ್ಟನ್ ಅಮೂರ್ತ ಚಿತ್ರಗಳಿಂದ ದೊಡ್ಡ ಹೆಸರು ಮಾಡಿದ್ದವರು, ನವಿರಾದ ಗುಲಾಬಿ-ಕೆಂಪು ಬಣ್ಣದ ಮೋಡಗಳ ಹಾಗಿರೋ ಚಿತ್ರಗಳು. 1970ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಇಟ್ಟಾಗ ಗೋಡೆ ತುಂಬ ವ್ಯಂಗ್ಯಚಿತ್ರದಂಥ ಮುಸುಕುಧಾರಿಗಳು, ಬೂಟು, ಸಿಗರೇಟು, ಬಲ್ಬು. ವಿಮರ್ಶಕರು ಕಿತ್ತು ತಿಂದರು, ಎಷ್ಟೋ ಗೆಳೆಯರು ದೂರವಾದರು. ಆಗ ಅವರಿಗೆ 57. ಇನ್ನು ಹತ್ತೇ ವರ್ಷ ಬದುಕಿದ್ದು, ಆ ಹತ್ತು ವರ್ಷದ ಕೆಲಸವನ್ನೇ ಇವತ್ತಿನ ಚಿತ್ರಕಾರರು ತಲೆ ಮೇಲಿಟ್ಟುಕೊಳ್ಳೋದು. ನನ್ನನ್ನ ಹಿಡಿದು ನಿಲ್ಲಿಸೋದು ಒಂದು ವಿಷಯ: ಆ ಗುಲಾಬಿ-ಕೆಂಪು ಹೋಗಲೇ ಇಲ್ಲ. ಮೋಡದಲ್ಲಿದ್ದದ್ದು ಬೂಟಿಗೆ ಬಂತು.

ಹಾಗಾದರೆ ಬದಲಾಗಿದ್ದು ಏನು, ಉಳಿದಿದ್ದು ಏನು?

ನೀಲಿನೆರಳು

ಇದೇ ಸರಿ ನೋಡಿ! ಡಚ್ ಚಿತ್ರಕಾರ ಮಾಂಡ್ರಿಯಾನ್ ಕೂಡ ಹಾಗೇ. 1911ರ ಸುಮಾರಿಗೆ ಬರೆದ ಆ ಬೂದು ಬಣ್ಣದ ಮರ ನೋಡಿ. ಕೊಂಬೆಗಳೆಲ್ಲ ಕಮಾನು ಕಮಾನಾಗಿ ಜಾಗವನ್ನ ತುಂಡು ಮಾಡ್ತಿವೆ. 1915ರ ಹೊತ್ತಿಗೆ ಸಮುದ್ರ ಬರೀ ಅಡ್ಡ ಗೆರೆ, ಉದ್ದ ಗೆರೆ ಆಯ್ತು. 1921ಕ್ಕೆ ಕಪ್ಪು ಪಟ್ಟಿ, ಕೆಂಪು, ನೀಲಿ, ಹಳದಿ. ಮರದಲ್ಲೇ ಆ ಜಾಲರಿ ಇತ್ತು.

ಇದ್ದಿಲುಗೆರೆ

ಕೊನೆ ಗೊತ್ತಿರೋದರಿಂದ ಹಾಗೆ ಕಾಣುತ್ತೆ. ಮಾಂಡ್ರಿಯಾನ್ 1912ರಲ್ಲೇ ತೀರಿಕೊಂಡಿದ್ದರೆ ಅದೇ ಮರ ನೋಡಿ 'ಆಹಾ, ಎಂಥ ಮರದ ಕವಿ' ಅಂತಿದ್ದೆವು. ಹಿಂದಿರುಗಿ ನೋಡಿದರೆ ಎಲ್ಲ ದಾರಿಯೂ ನೇರ.

ನೀಲಿನೆರಳು

ಹೌದು, ಹಿಂದಿರುಗಿ ನೋಡಿದಾಗಲೇ ಕಾಣೋದು. ಅದಕ್ಕೇ ಹಳೇಕುಂಚ ಅವರಿಗೆ ಹಿಂದಿರುಗಿ ನೋಡಿ ಅಂತ ಹೇಳಬೇಕು. ನಿಮ್ಮ ವಾದ ನನ್ನ ಕಡೆಗೇ ಬಂತು.

ಚಿತ್ರಮೇಷ್ಟ್ರು

ತಡವಾಗಿ ಬಂದೆ, ಎಲ್ಲ ಓದಿದೆ. ಶಾಲೆಯಲ್ಲಿ 31 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಒಂದು ಸಂಗತಿ ಹೇಳ್ತೀನಿ, ಇದುವರೆಗೆ ಯಾರಿಗೂ ಹೇಳಿಕೊಂಡಿಲ್ಲ.

ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ. ಯಾರ ಚಿತ್ರ ಬರೆದರೂ ಕೈ ದೊಡ್ಡದು ಮಾಡ್ತಿದ್ದಳು. ಮುಖದಷ್ಟು ಅಗಲದ ಅಂಗೈ, ಗಂಟು ಗಂಟಾದ ಬೆರಳು. ನಾನು ಪ್ರತಿ ಸಲ ಕೆಂಪು ಪೆನ್ಸಿಲ್ ಹಿಡಿದು ತಿದ್ದಿದೆ. ಬೆರಳು ಸೇರಿ ಇಡೀ ಹಸ್ತ ಗದ್ದದಿಂದ ಹಣೆ ಮಧ್ಯದವರೆಗೆ ಬರಬೇಕು, ಇಷ್ಟೇ, ಅಳೆದು ನೋಡು ಅಂತ. ಎರಡು ವರ್ಷ ತಿದ್ದಿದೆ. ಹತ್ತನೇ ತರಗತಿಗೆ ಬರುವಾಗ ಅವಳ ಕೈಗಳು ಸರಿಯಾಗಿದ್ದವು. ಪರೀಕ್ಷೆಯಲ್ಲಿ ಒಳ್ಳೇ ಅಂಕವೂ ಬಂತು. ಎಷ್ಟೋ ವರ್ಷದ ಮೇಲೆ ಹಳೇ ಕಟ್ಟು ಬಿಚ್ಚಿದಾಗ ಅವಳ ಎಂಟನೇ ತರಗತಿಯ ಹಾಳೆ ಸಿಕ್ಕಿತು. ಕೂತಿರೋ ಮುದುಕಿ, ಮಡಿಲಲ್ಲಿ ಆ ಎರಡು ದೊಡ್ಡ ಕೈ. ಮೇಲೆ ನನ್ನ ಕೆಂಪು ಗೀಟು. ಇಡೀ ಕಟ್ಟಿನಲ್ಲಿ ಮರೆಯೋಕಾಗದ ಚಿತ್ರ ಅದೊಂದೇ ಇತ್ತು, ಅದನ್ನ ನಾನು ಹಾಳು ಮಾಡಿದ್ದೆ.

ಅಳತೆ ಕಲಿಸಬಾರದು ಅಂತ ನಾನು ಹೇಳ್ತಿಲ್ಲ, ಕಲಿಸಲೇಬೇಕು. ಆದರೆ ಒಬ್ಬರು ಮತ್ತೆ ಮತ್ತೆ ಒಂದೇ ತಪ್ಪು ಮಾಡ್ತಿದ್ದರೆ ಅದು ಬರೆಯೋಕೆ ಬಾರದ್ದಕ್ಕೆ ಆಗ್ತಿರೋದಾ, ಬೇಕಾಗಿ ಆಗ್ತಿರೋದಾ ಅಂತ ಒಂದು ಕ್ಷಣ ನಿಂತು ನೋಡಬೇಕಿತ್ತು. ನಾನು ನಿಲ್ಲಲಿಲ್ಲ.

ಹಳೇಕುಂಚ ಅವರೇ, ಆ 41 ಚಿತ್ರ ಬಿಡಿ. ಅವು ಬೇರೆಯವರಿಗೆ ತೋರಿಸೋಕೆ ಬರೆದವು. ಸ್ಕೆಚ್ ಪುಸ್ತಕ ಇಟ್ಟುಕೊಂಡಿದ್ದೀರಾ? ಫೋನಿನಲ್ಲಿ ಮಾತಾಡ್ತಾ ಗೀಚಿದ ಚೀಟಿಗಳಾದರೂ? ಅವನ್ನ ತೆಗೆದು ಐದೂ ಕಾಲದ್ದನ್ನ ಅಕ್ಕಪಕ್ಕ ಹರಡಿ. ನಿಮ್ಮನ್ನ ಯಾರು ಏನಂತ ತಿದ್ದಿದ್ದರು ಅನ್ನೋದನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಬಂದು ಹೇಳಿ.

ಗ್ಯಾಲರಿಬಾಗಿಲು

ಮೇಷ್ಟ್ರೇ... ಆ ಹಾಳೆ ಇನ್ನೂ ಇದೆಯಾ?

ಚಿತ್ರಮೇಷ್ಟ್ರು

ಇದೆ ತಾಯಿ. ಗೋಡೆ ಮೇಲಿದೆ.

ಹಳೇಕುಂಚ

ಮೇಷ್ಟ್ರೇ, ಅಟ್ಟದ ಮೇಲೆ 26 ಸ್ಕೆಚ್ ಪುಸ್ತಕ ಇವೆ. ಒಂದು ವಾರ ಕೊಡಿ.

ಖಾಲಿಕ್ಯಾನ್ವಾಸ್

ಅಷ್ಟರಲ್ಲಿ ಒಂದು ಪ್ರಶ್ನೆ. ಈಗ ಕಂಪ್ಯೂಟರಿಗೆ 'ಇಂಥವರ ಶೈಲಿಯಲ್ಲಿ ಮಾಡು' ಅಂದರೆ ಅರೆ ನಿಮಿಷದಲ್ಲಿ ಮಾಡಿಕೊಡುತ್ತೆ. ಹಾಗಾದರೆ ಇಷ್ಟು ವರ್ಷ ಒದ್ದಾಡೋದು ಯಾಕೆ ಅಂತ ನನ್ನ ರೂಮ್‌ಮೇಟ್ ಕೇಳ್ತಾನೆ. ಏನು ಹೇಳಲಿ?

ಹರಳುಬಣ್ಣ

ಯಂತ್ರಕ್ಕೆ ಬೂಟು ಸಿಗುತ್ತೆ. ಬೂಟಿಗೆ ಬರೋಕೆ ಗಸ್ಟನ್ ಏನನ್ನ ಬಿಟ್ಟರು ಅನ್ನೋದು ಸಿಗಲ್ಲ.

ವಾಶ್‌ಪ್ರೇಮಿ

ದಯವಿಟ್ಟು ಈ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲದಿದ್ದರೆ ಇಲ್ಲಿ ಬೇರೇನೂ ಉಳಿಯಲ್ಲ.

ನನ್ನ ಜಲವರ್ಣದ ಕಡೆಯಿಂದ ಒಂದು ಮಾತು. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು, ಅಲ್ಲಿಯ ವಾಶ್ ಶೈಲಿಯಲ್ಲಿ (ನೀರು ಬೆರೆಸಿದ ತೆಳು ಬಣ್ಣವನ್ನ ಪದರ ಪದರವಾಗಿ ಹಚ್ಚೋದು) ಪುರಾಣದ ಚಿತ್ರ ಬರೆದವರು. ಗುರುವಿನ ನೆರಳು ಎಷ್ಟು ದೊಡ್ಡದು ನೋಡಿ. ಆದರೆ ಊಟಿ, ಕೊಡೈಕನಾಲ್ ಬೆಟ್ಟಗಳ ಮುಂದೆ ಕೂತಾಗ ಪುರಾಣ ಹೋಯ್ತು, ಮಂಜು ಬಂತು. ಆ ಬೆಟ್ಟಗಳನ್ನ ನೋಡಿ ಯಾರೂ 'ಇದು ಬಂಗಾಳ' ಅನ್ನಲ್ಲ. ಗುರು ಕಲಿಸಿದ ತೆಳು ಬಣ್ಣವೇ ಕೆಲಸಕ್ಕೆ ಬಂದದ್ದು, ಆದರೆ ಎದುರಿಗಿದ್ದ ಬೆಟ್ಟ ಅದನ್ನ ಅವರದಾಗಿಸಿತು. ಶೈಲಿ ಒಳಗಿಂದ ಮಾತ್ರ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಎದುರಿಗಿರೋ ವಸ್ತುವೂ ಕೊಡುತ್ತೆ ಅಂತ ನನಗನ್ನಿಸುತ್ತೆ.

ನೀಲಿನೆರಳು

ಸೆಜಾನ್‌ಗೆ ಸೇಂಟ್ ವಿಕ್ಟೊಯರ್ ಬೆಟ್ಟ ಕೊಟ್ಟ ಹಾಗೆ. ಹತ್ತಾರು ಸಲ ಬರೆದರು, 1906ರಲ್ಲಿ ಸಾಯೋವರೆಗೂ.

ಇದ್ದಿಲುಗೆರೆ

ಅದಕ್ಕೂ ಮುಂಚೆ ಹಿರಿಯ ಚಿತ್ರಕಾರ ಪಿಸ್ಸಾರೊ ಪಕ್ಕದಲ್ಲಿ ಕೂತು ಪಿಸ್ಸಾರೊ ಥರವೇ ಬರೆದಿದ್ದು ಮರೀಬೇಡಿ. ಸೆಜಾನ್‌ನ ಮೊದಲ ಚಿತ್ರಗಳು ಕಪ್ಪು, ಒರಟು, ಪ್ಯಾಲೆಟ್ ನೈಫಿನಲ್ಲಿ ಮೆತ್ತಿದ್ದು. ಆ ಕಪ್ಪನ್ನ ಬಿಡಿಸಿದ್ದು ಪಿಸ್ಸಾರೊ ಸಹವಾಸ. ಮೊದಲ ಏಕವ್ಯಕ್ತಿ ಪ್ರದರ್ಶನ 1895ರಲ್ಲಿ, 56ನೇ ವಯಸ್ಸಿಗೆ. ಬೇರೆಯವರ ಕೈಯನ್ನ ಸಾಲ ತರೋದು ಪಾಪ ಅಲ್ಲ ಅಂತ ಹಳೇಕುಂಚ ಅವರು ನಂಬಬೇಕು, ಅಷ್ಟಕ್ಕೆ ಹೇಳಿದೆ.

ಹರಳುಬಣ್ಣ

ಸಾಲದ ಮಾತು ಬಂತು ಅಂತ: ವ್ಯಾನ್ ಗೋ ಆಸ್ಪತ್ರೆಯಲ್ಲಿದ್ದಾಗ, 1889-90ರಲ್ಲಿ, ಫ್ರಾನ್ಸಿನ ಚಿತ್ರಕಾರ ಮಿಲೇ ಚಿತ್ರಗಳ ಕಪ್ಪು-ಬಿಳುಪು ಮುದ್ರಣಗಳನ್ನ ತರಿಸಿಕೊಂಡು ನಕಲು ಮಾಡಿದರು. ಒಂದೆರಡಲ್ಲ, ಇಪ್ಪತ್ತರ ಆಸುಪಾಸು. ಆ ಹೊತ್ತಿಗೆ ಅವರು ಪೂರ್ತಿ ವ್ಯಾನ್ ಗೋ ಆಗಿದ್ದರು. ಆದರೂ ಕೂತು ನಕಲು ಮಾಡಿದರು. ಆಕೃತಿ ಎಲ್ಲ ಮಿಲೇಯದ್ದೇ, ಆದರೂ ಹತ್ತು ಅಡಿ ದೂರದಿಂದ ಯಾರೂ ಮಿಲೇ ಅನ್ನಲ್ಲ. ನಾನೂ ಇದನ್ನ ಮಾಡಿ ನೋಡಿದ್ದೀನಿ: ನಕಲು ಮಾಡುವಾಗ ಎಲ್ಲಿ ತಪ್ಪುತ್ತೆ, ಹೇಗೆ ತಪ್ಪುತ್ತೆ ಅಂತ ಗುರುತು ಹಾಕಿಕೊಳ್ಳೋದು. ನನಗೆ ಯಾವ ಚಿತ್ರ ಕೊಟ್ಟರೂ ನೆರಳು ತಣ್ಣಗಾಗುತ್ತೆ, ನೀಲಿ ಕಡೆಗೆ ಜಾರುತ್ತೆ. ಮೂಲದಲ್ಲಿ ಕಂದು ಇದ್ದರೂ ಸರಿ.

ಖಾಲಿಕ್ಯಾನ್ವಾಸ್

ಇದು ಇವತ್ತೇ ಮಾಡ್ತೀನಿ!

ಚಿತ್ರಮೇಷ್ಟ್ರು

ಮಾಡು. ಆದರೆ ಒಂದು ಸಲಕ್ಕೆ ನಿರ್ಧಾರಕ್ಕೆ ಬರಬೇಡ. ಇಪ್ಪತ್ತು ನಕಲು ಮಾಡಿದಮೇಲೆ ನೋಡು. ಒಂದು ಸಲ ತಪ್ಪಿದ್ದು ಬರೀ ತಪ್ಪು.

ಹಳೇಕುಂಚ

ಬಂದೆ. ಒಂದು ವಾರ ಅಂದಿದ್ದೆ, ಹನ್ನೊಂದು ದಿನ ಆಯ್ತು. 26ರಲ್ಲಿ ಮೂರು ಪುಸ್ತಕ ಗೆದ್ದಲು ಹಿಡಿದು ಹೋಗಿವೆ. ಉಳಿದದ್ದನ್ನ ನೆಲದ ಮೇಲೆ ಹರಡಿ, ಓಡಾಡೋಕೆ ಒಂದು ಕಾಲುದಾರಿ ಬಿಟ್ಟುಕೊಂಡೆ.

ಮೇಷ್ಟ್ರೇ, ಮೊದಲ ನಾಲ್ಕು ದಿನ ಏನೂ ಕಾಣಲಿಲ್ಲ. ಅದೇ ಐದು ಜನ. ಐದನೇ ದಿನ ಕನ್ನಡಕ ಇಲ್ಲದೆ ಹೋಗಿದ್ದೆ, ವಿವರ ಏನೂ ಕಾಣ್ತಿರಲಿಲ್ಲ, ಬರೀ ಕಪ್ಪು-ಬಿಳಿ ಹರಡಿದ್ದು ಮಾತ್ರ ಕಾಣ್ತಿತ್ತು. ಆಗ ಗೊತ್ತಾಯ್ತು. ಹೆಚ್ಚುಕಡಿಮೆ ಎಲ್ಲ ಹಾಳೆಯಲ್ಲೂ ವಸ್ತು ಮೇಲಕ್ಕೆ ಹೋಗಿ ಕೂತಿದೆ. ಕೆಳಗಿನ ಅರ್ಧಕ್ಕಿಂತ ಜಾಸ್ತಿ ಖಾಲಿ. ಮುಖ ಬರೆದರೆ ಮುಖ ಮೇಲೆ, ಕೆಳಗೆ ಎದೆಯ ಬಿಳಿ ಬಟ್ಟೆ. ಮರ ಬರೆದರೆ ಮರ ಮೇಲೆ, ಕೆಳಗೆ ಬರಿ ನೆಲ. ಮೇಜು, ನೀರು, ರಸ್ತೆ, ಅಮೂರ್ತದಲ್ಲೂ ಹಾಗೇ. ಎಲ್ಲ ಮೇಲೆ ನೆರೆದಿದೆ, ಕೆಳಗೆ ದೊಡ್ಡ ಬಯಲು.

ಅದೇ ಸ್ಕೆಚ್ಚಿನಿಂದ ಮಾಡಿದ ಕ್ಯಾನ್ವಾಸ್ ತೆಗೆದು ಪಕ್ಕಕ್ಕಿಟ್ಟೆ. ಪ್ರತಿಯೊಂದರಲ್ಲೂ ಆ ಬಯಲನ್ನ ತುಂಬಿದ್ದೀನಿ. ಕಲ್ಲು, ಒಣ ಎಲೆ, ಮಡಿಕೆ ಬಿದ್ದ ಬಟ್ಟೆ, ಎಲ್ಲಿಂದಲೋ ಬಂದ ನೆರಳು. ನನ್ನನ್ನ ತಿದ್ದಿದವರ ಪಟ್ಟಿ ಮಾಡಿ ಅಂದಿದ್ದಿರಲ್ಲ, ಮೊದಲನೇ ಸಾಲೇ ಅದು. ನನಗೆ ಕಲಿಸಿದವರು ಹೇಳ್ತಿದ್ದ ಮಾತು: "ನೆಲ ಖಾಲಿ ಬಿಟ್ಟರೆ ಚಿತ್ರ ಮುಗಿದಿಲ್ಲ ಅನ್ನಿಸುತ್ತೆ." ಒಳ್ಳೇ ಮನಸ್ಸಿಂದಲೇ ಹೇಳಿದ್ದು. ನಾನು 35 ವರ್ಷ ಮುಗಿಸ್ತಾ ಬಂದಿದ್ದೀನಿ.

ಯಾಕೆ ಹೀಗೆ ಬರೀತೀನಿ ಅಂತ ಗೊತ್ತಿಲ್ಲ. ಬಾಲ್ಯದ ಕಾರಣ ಹುಡುಕೋ ಮನಸ್ಸೂ ಇಲ್ಲ.

ನೀಲಿನೆರಳು

ಸರ್!! ಕಣ್ಣು ತುಂಬಿ ಬಂತು.

ಚಿತ್ರಮೇಷ್ಟ್ರು

ಎರಡು ಸಲ ಓದಿದೆ. ಮೂರನೇ ಸಲ ಆ ಹುಡುಗಿಯ ಹಾಳೆ ಮುಂದೆ ನಿಂತು ಓದಿದೆ.

ಇದ್ದಿಲುಗೆರೆ

ನಿಮ್ಮ ಸಂತೋಷ ಕೆಡಿಸೋ ಉದ್ದೇಶ ಖಂಡಿತ ಇಲ್ಲ. ಆದರೆ ನೀವು ಕೇಳಿದ್ದು ನಿಜವಾದ ಪ್ರಶ್ನೆ, ನಿಜವಾಗೇ ಉತ್ತರ ಕೊಡ್ತೀನಿ. ವಸ್ತುವನ್ನ ಎಲ್ಲಿ ಕೂರಿಸ್ತೀರಿ ಅನ್ನೋದು ಅಭ್ಯಾಸ. ಅದೊಂದೇ ಶೈಲಿ ಆಗಲ್ಲ. ಹತ್ತು ಜನರ ಸ್ಕೆಚ್ ಪುಸ್ತಕ ಹರಡಿದರೆ ನಾಲ್ಕು ಜನ ಕೆಳಗೆ ಖಾಲಿ ಬಿಟ್ಟಿರ್ತಾರೆ, ಮೇಲಿಂದ ಶುರು ಮಾಡಿ ಮುಗಿಸದೇ ಇರೋದರಿಂದ. ಅದೂ ಅಲ್ಲದೆ ನೀವು ಹುಡುಕೋಕೆ ಹೋದಿರಿ, ಸಿಕ್ಕಿತು. ಹುಡುಕಿದವರಿಗೆ ಏನೋ ಒಂದು ಸಿಕ್ಕೇ ಸಿಗುತ್ತೆ.

ಒಂದು ಪರೀಕ್ಷೆ ಮಾಡೋಣ, ಒಪ್ಪಿದರೆ. ನಿಮ್ಮ ಸ್ಕೆಚ್ಚುಗಳ ಫೋಟೊ ತೆಗೆಯಿರಿ, ಐದೂ ಕಾಲದ್ದು. ಗೆಳೆಯರಿಬ್ಬರ ಸ್ಕೆಚ್ಚನ್ನೂ ಬೆರೆಸಿ. ಹೆಸರು ಬೇಡ, ವರ್ಷ ಬೇಡ. ನನಗೆ ಕಳಿಸಿ. ನಾನು ನಿಮ್ಮ ಒಂದು ಚಿತ್ರವನ್ನೂ ನೋಡಿದವನಲ್ಲ. ಒಂದನ್ನ ಮಾತ್ರ ನಿಮ್ಮದು ಅಂತ ಗುರುತು ಮಾಡಿಕೊಡಿ, ಉಳಿದದ್ದನ್ನ ನಾನು ಆರಿಸ್ತೀನಿ.

ವಾಶ್‌ಪ್ರೇಮಿ

ಇದು ಸ್ವಲ್ಪ ಕ್ರೂರ ಆಯ್ತು.

ಹಳೇಕುಂಚ

ಇಲ್ಲ ಇಲ್ಲ, ನನಗಿದು ಬೇಕು. ಖಾಲಿ ನೆಲ ಇರೋದನ್ನೇ ಆರಿಸಿ ಕಳಿಸಲ್ಲ. ಕಣ್ಣು ಮುಚ್ಚಿ ತೆಗೆದು ಕಳಿಸ್ತೀನಿ, ಬೆರೆಸೋ ಗೆಳೆಯರೂ ಕೆಳಗೆ ಜಾಗ ಬಿಡೋರೇ ಆಗಿರಲಿ.

ಹರಳುಬಣ್ಣ

ಕಾಯ್ತಾ ಇರೋ ಹೊತ್ತಿಗೆ: ಗೆರೆಯ ವಿಷಯದಲ್ಲಿ ನಮ್ಮ ಕೆ.ಕೆ. ಹೆಬ್ಬಾರರನ್ನ ಯಾರೂ ನೆನೆಯಲಿಲ್ಲ. ಗೆರೆಗೆ ಲಯ ಬೇಕು ಅಂತ ಕಥಕ್ ನೃತ್ಯವನ್ನೇ ಕಲಿತ ಮನುಷ್ಯ. ಪ್ಯಾರಿಸ್ಸಿಗೂ ಹೋಗಿ ಬಂದರು, ತೈಲವರ್ಣದಲ್ಲಿ ಎಷ್ಟೋ ದಾರಿ ತುಳಿದರು, ಆದರೆ ಒಂದೇ ಗೆರೆಯಲ್ಲಿ ಕುಣಿಯೋ ಮೈ ಬರೆದಾಗ ಅದು ಹೆಬ್ಬಾರರದ್ದು ಅಂತ ಕೇಳಬೇಕಾಗೇ ಇಲ್ಲ.

ವಾಶ್‌ಪ್ರೇಮಿ

ಚಿತ್ರಕ್ಕೋಸ್ಕರ ಕುಣಿತ ಕಲಿಯೋದು! ಹುಡುಕೋದಾ ಕಾಯೋದಾ ಅನ್ನೋ ಪ್ರಶ್ನೆಗೆ ಇದು ಹುಡುಕೋ ಕಡೆಯ ಸಾಕ್ಷಿ, ಒಪ್ಪಿದೆ. ನನ್ನ ಮೊದಲ ಮಾತು ವಾಪಸ್ ತಗೋತೀನಿ.

ಇದ್ದಿಲುಗೆರೆ

ಹಳೇಕುಂಚ ಅವರು 30 ಫೋಟೊ ಕಳಿಸಿದ್ದರು. ಅದರಲ್ಲಿ ಗುರುತು ಮಾಡಿದ್ದು ಒಂದು. ಉಳಿದ 29ರಲ್ಲಿ ಅವರದ್ದು 12 ಇದ್ದವಂತೆ, ಅದು ನನಗೆ ಆಮೇಲೆ ಗೊತ್ತಾಗಿದ್ದು. ನಾನು 11 ಆರಿಸಿದೆ. 9 ಅವರವೇ, 2 ಬೇರೆಯವರದ್ದು, ಅವರ 3 ತಪ್ಪಿಹೋದವು.

ಇಷ್ಟು ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಅದನ್ನ ಎಲ್ಲರ ಮುಂದೆ ಹೇಳಲೇಬೇಕು.

ಆದರೆ ಸರ್, ನಾನು ಖಾಲಿ ಜಾಗ ನೋಡಿ ಆರಿಸಲಿಲ್ಲ. ಅದನ್ನ ನಂಬಿ ಹೋಗಿದ್ದರೆ ನಿಮ್ಮ ಗೆಳೆಯರ ಅರ್ಧ ಚಿತ್ರ ನಿಮ್ಮದಾಗ್ತಿತ್ತು. ನಾನು ನೋಡಿದ್ದು ಗೆರೆಯ ಕೊನೆ. ಸಾಮಾನ್ಯವಾಗಿ ಗೆರೆ ಮುಗಿಯುವಾಗ ಕೈ ಎತ್ತುತ್ತೆ, ಗೆರೆ ತೆಳ್ಳಗಾಗಿ ಬಾಲ ಬಿಡುತ್ತೆ. ನೀವು ಎತ್ತೋದಿಲ್ಲ. ಕೊನೆಗೆ ಬಂದು ಒತ್ತಿ ನಿಲ್ಲಿಸ್ತೀರಿ. ಅಲ್ಲೊಂದು ಸಣ್ಣ ಚುಕ್ಕೆ ಆಗುತ್ತೆ. ಕಣ್ಣಿನ ರೆಪ್ಪೆಯಲ್ಲಿದೆ, ಕೊಂಬೆಯ ತುದಿಯಲ್ಲಿದೆ, ಆ ಅಮೂರ್ತ ಚಿತ್ರದ ಪಟ್ಟಿಗಳಲ್ಲೂ ಇದೆ. ತಪ್ಪಿಹೋದ ಮೂರೂ ಕುಂಚದಲ್ಲಿ ಮಾಡಿದವು, ಅಲ್ಲಿ ನೀರು ಹರಿದು ಗುರುತು ಅಳಿಸಿದೆ.

ಹಳೇಕುಂಚ

ಈಗಷ್ಟೇ ಓದಿ ಭೂತಗನ್ನಡಿ ತಗೊಂಡು ನೋಡಿದೆ. ಇದೆ! ಎಲ್ಲದರಲ್ಲೂ ಇದೆ. ನನ್ನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ. ಈಗ ಪೆನ್ಸಿಲ್ ಹಿಡಿದು ಗೆರೆ ಎಳೆಯೋಕೆ ಹೋದರೆ ಕೊನೆಯಲ್ಲಿ ಏನು ಮಾಡ್ತೀನಿ ಅಂತ ನೋಡಿಕೊಳ್ತಾ ಕೂತಿದ್ದೀನಿ, ಕೈ ಮುಂದೆ ಹೋಗ್ತಿಲ್ಲ.

ಗ್ಯಾಲರಿಬಾಗಿಲು

ಸರ್, ನೋಡಿಕೊಳ್ಳಬೇಡಿ. ದಯವಿಟ್ಟು. ನಾನು ಆ ಬಾಗಿಲ ಹುಡುಗನನ್ನ ನೆನಪಿಸಿಕೊಂಡು ಹೇಳ್ತಿದ್ದೀನಿ. ಆ ಚುಕ್ಕೆಯನ್ನ ಬೇಕೂಂತ ಇಡೋಕೆ ಶುರು ಮಾಡಬೇಡಿ.

ಇದ್ದಿಲುಗೆರೆ

ಅಕ್ಕ ಹೇಳಿದ್ದು ಸರಿ. ಹೇಳಿ ತಪ್ಪು ಮಾಡಿದೆನಾ ಅಂತ ನನಗೂ ಅನ್ನಿಸ್ತಿದೆ.

ಚಿತ್ರಮೇಷ್ಟ್ರು

ತಪ್ಪೇನಿಲ್ಲ. ಒಂದು ತಿಂಗಳು ದಪ್ಪ ಕುಂಚದಲ್ಲಿ ಬರೆಯಲಿ, ಕೈ ಮರೆಯುತ್ತೆ. ಖಾಲಿ ನೆಲದ ವಿಷಯ ಬೇರೆ. ಅದು ಕೈಚಳಕ ಅಲ್ಲ, ಅದನ್ನ ನೀವು ಗೊತ್ತಿದ್ದೇ ಮುಚ್ಚಿದ್ದಿರಿ. ಗೊತ್ತಿದ್ದೇ ತೆರೆಯಬಹುದು. ಹಳೇ ಸ್ಕೆಚ್ ಒಂದನ್ನ ತೆಗೆದುಕೊಂಡು, ನೆಲ ತುಂಬದೆ, ದೊಡ್ಡದಾಗಿ ಬರೆಯಿರಿ.

ಹಳೇಕುಂಚ

ಆರಿಸಿದ್ದೀನಿ ಮೇಷ್ಟ್ರೇ. 1996ರ ಪುಸ್ತಕದ್ದು, ದಡದಲ್ಲಿ ಕಟ್ಟಿದ ದೋಣಿ, ಕೆಳಗೆಲ್ಲ ನೀರು. ಆಗ ತೈಲವರ್ಣದಲ್ಲಿ ಬರೆದು ನೀರಿನ ತುಂಬ ಪ್ರತಿಬಿಂಬ ತುಂಬಿಸಿದ್ದೆ. ಈಗ ನಾಲ್ಕು ಅಡಿ ಎತ್ತರದ ಕ್ಯಾನ್ವಾಸ್ ಎಳೆದು ಗೆಸ್ಸೊ (ಬಣ್ಣಕ್ಕೆ ಮುಂಚಿನ ಬಿಳಿ ತಳಲೇಪ) ಹಚ್ಚಿಟ್ಟಿದ್ದೀನಿ. ಕೆಳಗಿನ ಬಯಲಿಗೆ ಜಿಂಕ್ ವೈಟ್ ಯೋಚನೆ ಮಾಡ್ತಿದ್ದೀನಿ, ತಣ್ಣಗಿನ, ಪಾರದರ್ಶಕ ಬಿಳಿ ಬೇಕು.

ಹರಳುಬಣ್ಣ

ತೈಲವರ್ಣದಲ್ಲಿ ಅಷ್ಟು ದೊಡ್ಡ ಜಾಗಕ್ಕೆ ಬರೀ ಜಿಂಕ್ ಬೇಡ ಸರ್. ಎಣ್ಣೆ ಜೊತೆ ಸೇರಿ ವರ್ಷಗಳು ಕಳೆದ ಹಾಗೆ ಗಟ್ಟಿಯಾಗಿ ಪೆಡಸಾಗುತ್ತೆ, ಕ್ಯಾನ್ವಾಸ್ ಸ್ವಲ್ಪ ಜಗ್ಗಿದರೂ ಬಿರುಕು ಬಿಡುತ್ತೆ. ಟೈಟಾನಿಯಂ ಬಿಳಿ ತಗೊಂಡು, ಚೂರೇ ಚೂರು ನೀಲಿ ಸೇರಿಸಿ, ಕೆಳಗಿನದು ಕಾಣೋ ಹಾಗೆ ಗ್ಲೇಜ್ ಥರ ತೆಳ್ಳಗೆ ಹಚ್ಚಿ ನೋಡಿ. 1996ರ ದೋಣಿ ಚಿತ್ರದಲ್ಲಿ ಯಾವ ಬಿಳಿ ಹಾಕಿದ್ದಿರಿ? ಬಿರುಕು ಬಿಟ್ಟಿದೆಯಾ?

ಹಳೇಕುಂಚ

ಹೋಗಿ ನೋಡಿ ಬಂದೆ. ಜಿಂಕೇ. ಬಿರುಕು ಬಿಟ್ಟಿದೆ, ಪ್ರತಿಬಿಂಬ ತುಂಬಿದ ಜಾಗದಲ್ಲೆಲ್ಲ, ಎಡ ಮೂಲೆಯಲ್ಲಿ ಒಂದು ಚಕ್ಕೆ ಉದುರಿದೆ. ಕೆಳಗೆ ಪೆನ್ಸಿಲ್ ಗೆರೆ ಕಾಣ್ತಿದೆ.

ಟೈಟಾನಿಯಂ ತಂದಿಟ್ಟಿದ್ದೀನಿ. ಆ ನೀಲಿ ಯಾವುದು ಸೇರಿಸಲಿ, ಅಲ್ಟ್ರಾಮರೀನಾ, ಕೊಬಾಲ್ಟಾ?